ಬೀಗ ಹಾಕಿದ ನಕ್ಷತ್ರ

ಮೀಟರಣ್ಣ ಹನ್ನೊಂದು ತಿಂಗಳಲ್ಲಿ ಒಟ್ಟು ಎಷ್ಟು ಗ್ರಹಗಳನ್ನು ಅಳಿಸಿಹಾಕಿದ ಎಂಬುದು ಇವತ್ತಿಗೂ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಆತ ಕೆಟ್ಟವನೇನಲ್ಲ. ದಾರಿಯಲ್ಲಿ ಇರುವೆ ಸಾಲು ಕಂಡರೆ ದಾಟಿ ಕಾಲಿಡುವವನು, ಅಡ್ಡ ಮಲಗಿದ ನಾಯಿಗೂ "ಸ್ವಲ್ಪ ಜರುಗಪ್ಪ" ಎನ್ನುವವನು. ಅಂಥ ಮನುಷ್ಯನಿಂದ ಆಕಾಶಕ್ಕೆ ಇಷ್ಟು ದೊಡ್ಡ ಅನ್ಯಾಯವಾಯಿತೆಂದರೆ ಅದಕ್ಕೆ ಕಾರಣ ಅವನ ದುಷ್ಟತನವಲ್ಲ, ಅಚ್ಚುಕಟ್ಟುತನ. ದುಷ್ಟರಿಂದ ಆಗುವ ಹಾನಿಗೆ ಪೊಲೀಸರಿದ್ದಾರೆ, ಕೋರ್ಟಿದೆ. ಅಚ್ಚುಕಟ್ಟಾದವರಿಂದ ಆಗುವ ಹಾನಿಯನ್ನು ಯಾರು ಕೇಳಬೇಕು?

ಮೂವತ್ತೊಂದು ವರ್ಷ ಅವನು ಮನೆಮನೆ ತಿರುಗಿ ಕರೆಂಟು ಮೀಟರು ಓದಿದವನು. ಯಾರ ಮನೆಗೆ ಎಷ್ಟು ಮೆಟ್ಟಿಲು, ಯಾರ ಮೀಟರು ಬಾಗಿಲ ಹಿಂದೆ, ಯಾರದು ನೋಡಲು ಸ್ಟೂಲು ಬೇಕು, ಎಲ್ಲವೂ ಬಾಯಿಪಾಠ. ಒಂದು ದಿನ ಇಲಾಖೆಯವರು ತನ್ನನ್ನು ತಾನೇ ಓದಿಕೊಳ್ಳುವ ಮೀಟರನ್ನು ತಂದು ಊರಿಗೆಲ್ಲ ಕೂರಿಸಿದರು. ಮೀಟರಣ್ಣನ ನಿವೃತ್ತಿಗೆ ಇನ್ನೂ ಒಂದು ವರ್ಷ ಬಾಕಿ ಇತ್ತು. ಕೆಲಸವಿಲ್ಲದೆ ಕೂತ ನೌಕರನನ್ನು ದಿನವೂ ನೋಡುವುದು ಮೇಲಧಿಕಾರಿಗೆ ಸಂಕಟ. ಅಷ್ಟರಲ್ಲಿ ಗುಡ್ಡದ ಮೇಲಿನ ವೀಕ್ಷಣಾಲಯದಿಂದ ಪತ್ರ ಬಂತು: ಅಂಕಿಗಳನ್ನು ತಪ್ಪದೆ ಓದಬಲ್ಲ ಒಬ್ಬರು ಬೇಕಾಗಿದ್ದಾರೆ. ಮೇಲಧಿಕಾರಿ ಪತ್ರವನ್ನು ಪೂರ್ತಿ ಓದುವ ಮೊದಲೇ ವರ್ಗಾವಣೆಗೆ ರುಜು ಹಾಕಿದರು.

ವೀಕ್ಷಣಾಲಯದಲ್ಲಿ ಅವನಿಗೆ ಸಿಕ್ಕಿದ್ದು ಒಂದು ಸಣ್ಣ ಕೋಣೆ. ಎರಡು ಮೇಜು, ಎರಡು ಕಂಪ್ಯೂಟರ್, ತೆರೆಯಲು ಬಾರದ ಒಂದು ಕಿಟಕಿ. ಇನ್ನೊಂದು ಮೇಜು ಮೇಡಂ ಅವರದು. ವಿಜ್ಞಾನಿ, ವಯಸ್ಸು ಮೂವತ್ತೈದರ ಒಳಗೆ. ನಾಲ್ಕು ವರ್ಷದಿಂದ ಒಂದೇ ಹುಡುಕಾಟಕ್ಕೆ ಜೋತುಬಿದ್ದು, ತಣ್ಣಗಾದ ಚಹಾ ಕುಡಿದೇ ಅಭ್ಯಾಸವಾದವರು. ಮೊದಲ ದಿನ ಅವರು ಪರದೆಯ ಮೇಲೆ ಉದ್ದನೆಯ ಒಂದು ಗೆರೆ ತೋರಿಸಿದರು.

"ಇದು ಒಂದು ನಕ್ಷತ್ರದ ಬೆಳಕು ನೋಡಿ. ದೂರದರ್ಶಕ ಅಳೆದಿಡುತ್ತೆ. ಈ ವರ್ಷ ಹೊಸದಾಗಿ ಇಂಥವು ನಾಲ್ಕು ಸಾವಿರ ಆರಿಸಿದೀವಿ. ನಡುವೆ ಮೋಡ ಬಂದ್ರೆ, ಯಂತ್ರ ಕೈಕೊಟ್ರೆ ಗೆರೆ ಹಾಳಾಗಿರುತ್ತೆ. ಅಂಥ ಕಡೆ ಸರಿಮಾಡಿ, ರುಜು ಹಾಕಿ. ರುಜು ಬಿದ್ಮೇಲೆ ಮೂಲ ಅಂಕಿ ತಾನಾಗೇ ಅಳಿಸಿಹೋಗುತ್ತೆ, ಇಟ್ಕೊಳ್ಳೋಕೆ ನಮ್ಮಲ್ಲಿ ಜಾಗ ಇಲ್ಲ. ಗೊತ್ತಾಯ್ತಾ?"

"ಗೊತ್ತಾಗದೆ ಏನು ಮೇಡಂ! ಮೂವತ್ತೊಂದು ವರ್ಷ ಇದೇ ಕೆಲಸ ಮಾಡಿದೀನಿ," ಎಂದ ಮೀಟರಣ್ಣ.

ಪಾಪ, ಮೇಡಂ ಅದನ್ನು ಸುಮ್ಮನೆ ಧೈರ್ಯದ ಮಾತೆಂದುಕೊಂಡರು.

ಮೀಟರು ಓದುವವರಲ್ಲಿ ಒಂದು ಪದ್ಧತಿ ಇದೆ. ಹೋದಾಗ ಮನೆ ಬಾಗಿಲು ಹಾಕಿದ್ದರೆ 'ಬೀಗ' ಎಂದು ಬರೆಯುವುದು. ಹಿಂದಿನ ಮೂರು ತಿಂಗಳ ಸರಾಸರಿ ತೆಗೆದು ಆ ಜಾಗದಲ್ಲಿ ತುಂಬುವುದು. ಮುಂದಿನ ಮನೆಗೆ ಹೋಗುವುದು. ಮೀಟರಣ್ಣ ಮೊದಲ ವಾರದಲ್ಲೇ ನಕ್ಷತ್ರಗಳನ್ನು ಮನೆಗಳೆಂದು ಕರೆಯತೊಡಗಿದ. ಹೆಚ್ಚಿನ ಮನೆಗಳ ಗೆರೆ ಮಟ್ಟಸವಾಗಿ ಹೋಗುತ್ತಿತ್ತು. ಅಲ್ಲೊಂದು ಇಲ್ಲೊಂದು ಮನೆಯಲ್ಲಿ ಬೆಳಕು ಎರಡು ಮೂರು ಗಂಟೆ ಒಂದಿಷ್ಟು ಇಳಿದು, ಮತ್ತೆ ಮೇಲೆ ಬರುತ್ತಿತ್ತು. "ಇವರು ಹೊರಗೆ ಹೋಗಿದ್ದಾರೆ," ಎಂದುಕೊಂಡು ಮೀಟರಣ್ಣ ಆ ತಗ್ಗಿಗೆ ಸರಾಸರಿ ತುಂಬಿ, ಮಟ್ಟ ಮಾಡಿ, ರುಜು ಹಾಕಿಬಿಡುತ್ತಿದ್ದ. ಮೋಡದ ತಗ್ಗು, ಯಂತ್ರದ ತಗ್ಗು, ಮತ್ತೊಂದರ ತಗ್ಗು ಎಂಬ ಭೇದ ಅವನಲ್ಲಿರಲಿಲ್ಲ.

ಜೊತೆಗೆ ಇನ್ನೊಂದು ಅಭ್ಯಾಸ. ಅಂಗಿಯ ಜೇಬಿನಲ್ಲಿ ಸದಾ ಒಂದು ಪುಟ್ಟ ಪುಸ್ತಕ, ಬೀಗದ ಪುಸ್ತಕ. ಅದಕ್ಕೂ ಒಂದು ಕಥೆ ಇದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಮನೆಗೆ ಮೂರು ತಿಂಗಳು ಬಿಡದೆ 'ಬೀಗ' ಬರೆದಿದ್ದ. ನಾಲ್ಕನೇ ತಿಂಗಳು ಚಪ್ಪಲಿಯ ಉಂಗುಷ್ಠ ಕಿತ್ತು ಅದೇ ಮೆಟ್ಟಿಲ ಮೇಲೆ ಕೂತಿದ್ದಾಗ ಬಾಗಿಲು ತೆರೆಯಿತು. ಊರುಗೋಲು ಹಿಡಿದ ಒಬ್ಬ ದರ್ಜಿ, ಕೊರಳಲ್ಲಿ ಅಳತೆಯ ಟೇಪು.

"ಅಲ್ಲಯ್ಯಾ, ನಾನು ಎದ್ದು ಬಾಗಿಲಿಗೆ ಬರೋಷ್ಟರಲ್ಲಿ ನೀನು ಬರೆದು ಹೋಗಿರ್ತೀಯ! ನನ್ನ ಬಾಗಿಲಿಗೆ ಬೀಗವೇ ಇಲ್ಲ ಕಣೋ. ಒಳಗೆ ಒಬ್ಬ ಮನುಷ್ಯ ಇರಬಹುದು ಅನ್ನೋ ಅನುಮಾನನಾದ್ರೂ ಬರಬಾರದಾ ನಿಂಗೆ?"

ಮೀಟರಣ್ಣನಿಗೆ ತಲೆ ಎತ್ತಲಾಗಲಿಲ್ಲ. ಅಂದಿನಿಂದ ಬೀಗವೆಂದು ಬರೆದ ಪ್ರತಿ ಮನೆಯನ್ನೂ ಗುರುತು ಹಾಕಿಕೊಂಡು ಇನ್ನೊಮ್ಮೆ ಹೋಗಿ ನೋಡುತ್ತಿದ್ದ. ನಕ್ಷತ್ರಗಳಿಗೂ ಅದೇ ಮರ್ಯಾದೆ ಸಂದಿತು. ಮನೆಯ ನಂಬರು, ತಾರೀಕು, ಎಷ್ಟು ಹೊತ್ತು, ಎಷ್ಟು ಇಳಿತ. ಇನ್ನೊಮ್ಮೆ ಹೋಗಿ ನೋಡುವುದು ಮಾತ್ರ ಅವನ ಕೈಲಿರಲಿಲ್ಲ. ಆದರೂ ಬರೆದ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ. ಹನ್ನೊಂದು ತಿಂಗಳಲ್ಲಿ ಆರು ಪುಸ್ತಕ ತುಂಬಿದವು.

ಇಷ್ಟಕ್ಕೇ ನಿಂತಿದ್ದರೆ ವಿಷಯ ಆ ಕೋಣೆಯಲ್ಲೇ ಮುಗಿಯುತ್ತಿತ್ತೋ ಏನೋ. ಆದರೆ ಮನುಷ್ಯನಿಗೆ ಹೆಂಡತಿಯ ಅಣ್ಣ ಎಂಬವರೊಬ್ಬರು ಇರುತ್ತಾರಲ್ಲ!

ಈ ಭಾವನವರದು ತಕ್ಕಡಿ ಅಂಗಡಿ. ತಕ್ಕಡಿ ಮಾರುವುದು, ತೂಕದ ಯಂತ್ರ ರಿಪೇರಿ ಮಾಡುವುದು. ಲೋಕದ ಯಾವ ವಸ್ತು ಕಂಡರೂ ಅವರ ಮೊದಲ ಪ್ರಶ್ನೆ "ತೂಕ ಎಷ್ಟು?" ತಂಗಿಯ ಗಂಡನನ್ನು ಮದುವೆಯ ದಿನವೇ ಕಣ್ಣಲ್ಲಿ ತೂಗಿ, ಹಗುರ ಎಂದು ತೀರ್ಮಾನಿಸಿದ್ದರು. ಹನ್ನೊಂದನೇ ತಿಂಗಳ ಒಂದು ಭಾನುವಾರ, ತಡವಾಗಿ ಸುದ್ದಿ ತಿಳಿದು, ಬಂದು ಕುರ್ಚಿ ಎಳೆದುಕೊಂಡು ಕೂತರು.

"ಏನಪ್ಪಾ, ಮೀಟರು ಹೋಯ್ತಂತೆ? ಗುಡ್ಡದ ಮೇಲೆ ಕಸ ಗುಡಿಸ್ತೀಯೋ, ಗೇಟು ಕಾಯ್ತೀಯೋ?"

ಪೇಪರು ಕೇಳಲು ಬಂದ ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರು ಬಾಗಿಲಲ್ಲೇ ನಿಂತಿದ್ದರು. ಹೆಂಡತಿ ಅಡುಗೆಮನೆಯಿಂದ ಇಣುಕಿದಳು. ಇಷ್ಟು ಕಿವಿಗಳೆದುರು ನಿಜ ಹೇಳುವುದು ಯಾರಿಗಾದರೂ ಕಷ್ಟವೇ.

"ಗ್ರಹ ಹುಡುಕೋ ಕೆಲಸ ಭಾವ," ಎಂದ ಮೀಟರಣ್ಣ.

"ಓಹೋ! ಎಷ್ಟು ಸಿಕ್ಕಿವೆ?"

"ಲೆಕ್ಕ ಇಟ್ಟಿಲ್ಲ."

ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಉತ್ತರ. ಹೆಡ್‌ಮಾಸ್ತರು ಇದನ್ನು ದೊಡ್ಡವರ ವಿನಯವೆಂದು ತಿಳಿದು ಸಂಜೆಯೊಳಗೆ ಬೀದಿಗೆಲ್ಲ ಹಂಚಿದರು. ಇಲಿ ಹೋಯಿತೆಂದರೆ ಹುಲಿ ಹೋಯಿತೆನ್ನುವ ಬೀದಿ ಅದು. ಹಾಲಿನ ಅಂಗಡಿಗೆ ತಲುಪುವಾಗ ಗ್ರಹಗಳು ನಾಲ್ಕು, ಕ್ಷೌರದ ಅಂಗಡಿಗೆ ತಲುಪುವಾಗ ಹದಿನೇಳು. ಎದುರು ಮನೆಯಾಕೆ ದಾರಿಯಲ್ಲಿ ನಿಲ್ಲಿಸಿ, "ಹೊಸ ಗ್ರಹಗಳು ನಮಗೇನಾದ್ರೂ ಕಾಟ ಕೊಡ್ತಾವಾ ಮೀಟರಣ್ಣ? ಈಗ ಇರೋವೇ ಸಾಕಾಗಿಹೋಗಿವೆ," ಎಂದು ಕೇಳಿದಳು. ಕ್ಷೌರಿಕ ಅವನ ತಲೆ ಮುಟ್ಟುವ ಮೊದಲು ಕೈ ತೊಳೆದುಕೊಂಡ.

ಮೀಟರಣ್ಣ ಯಾರನ್ನೂ ತಿದ್ದಲು ಹೋಗಲಿಲ್ಲ. ಮೂವತ್ತೊಂದು ವರ್ಷ ಜನ ಅವನನ್ನು ಕಂಡಕೂಡಲೇ ಮುಖ ಗಂಟಿಕ್ಕಿದ್ದರು. ಈಗ ನಕ್ಕು ಮಾತಾಡಿಸುತ್ತಿದ್ದರು. ಬಿಟ್ಟುಕೊಡಲು ಯಾರಿಗೆ ತಾನೇ ಮನಸ್ಸು ಬಂದೀತು?

ಹೆಡ್‌ಮಾಸ್ತರು ಬೀದಿಯ ವಾಚನಾಲಯದ ಕಾರ್ಯದರ್ಶಿ. ಕೈಯಲ್ಲಿ ಒಂದು ಸಂಸ್ಥೆ ಇದ್ದಮೇಲೆ ಸನ್ಮಾನ ಮಾಡದೆ ಇರಲಾಗುತ್ತದೆಯೇ? ಮುಖ್ಯ ಅತಿಥಿಯಾಗಿ ಮೇಡಂ ಅವರನ್ನೇ ಕರೆದರು. ಜನರಿಗೆ ವಿಜ್ಞಾನ ಹೇಳಲು ಕರೆದಿದ್ದಾರೆಂದು ತಿಳಿದು ಅವರು ಒಂದು ಟೇಬಲ್ ಲ್ಯಾಂಪು, ದಾರ ಕಟ್ಟಿದ ಒಂದು ಚೆಂಡು, ಬೆಳಕು ಅಳೆಯುವ ಮುಳ್ಳಿನ ಯಂತ್ರ ಹಿಡಿದುಕೊಂಡು ಬಂದರು.

"ದೂರದ ಗ್ರಹ ನಮಗೆ ನೇರವಾಗಿ ಕಾಣಲ್ಲ," ಎಂದು ಶುರುಮಾಡಿದರು. "ಆದ್ರೆ ಅದು ತನ್ನ ನಕ್ಷತ್ರದ ಮುಂದೆ ಹಾದುಹೋಗುವಾಗ ಬೆಳಕು ಒಂದಿಷ್ಟು ಇಳಿಯುತ್ತೆ. ನೋಡಿ."

ಚೆಂಡು ದೀಪದ ಮುಂದೆ ತೂಗಿತು. ಮುಳ್ಳು ಚೂರು ಕೆಳಗೆ ಇಳಿದು ಮತ್ತೆ ಮೇಲೆ ಬಂತು.

"ಕಂಡಿರಾ ಆ ಸಣ್ಣ ತಗ್ಗು? ಎರಡು ಮೂರು ಗಂಟೆ ಇಳಿದು ಮತ್ತೆ ಮೇಲೆ ಬರುತ್ತೆ. ಅದೊಂದು ತಗ್ಗಿಗೋಸ್ಕರ ನಾಲ್ಕು ವರ್ಷದಿಂದ ಕಾಯ್ತಿದ್ದೀನಿ. ಮೊದಲ ಮೂರು ವರ್ಷ ಅನುಮಾನ ಪಡೋಕಾದ್ರೂ ಒಂದೆರಡು ಸಿಕ್ತಿದ್ವು. ಈ ವರ್ಷ ಒಂದೇ ಒಂದಿಲ್ಲ. ಆಕಾಶ ಇಸ್ತ್ರಿ ಹಾಕಿದ ಹಾಗಿದೆ. ಬರೋ ತಿಂಗಳು ಪರಿಶೀಲನಾ ಸಮಿತಿ ಬರುತ್ತೆ. ಏನೂ ತೋರಿಸದಿದ್ರೆ ನಮ್ಮ ಕೋಣೆಗೆ ಬೀಗ."

ಮುಂದಿನ ಸಾಲಿನಲ್ಲಿ ಹೂಗುಚ್ಛ ಹಿಡಿದು ಕೂತಿದ್ದ ಮೀಟರಣ್ಣ ಅದನ್ನು ಕಾಲ ಬಳಿ ಇಳಿಸಿಬಿಟ್ಟ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನ ಕೈ ತಾನಾಗೇ ಜೇಬಿನ ಮೇಲೆ ಹೋಯಿತು. ಆರನೇ ಪುಸ್ತಕ ಅಲ್ಲೇ ಇತ್ತು.

ಹೆಡ್‌ಮಾಸ್ತರು ಮೈಕು ಕಿತ್ತುಕೊಂಡರು. "ಮೇಡಂ ಅವರದು ಬಹಳ ದೊಡ್ಡ ಮನಸ್ಸು. ಕೀರ್ತಿಯೆಲ್ಲ ಸಹೋದ್ಯೋಗಿಗೇ ಸಲ್ಲಲಿ ಅಂತ ತಮಗೇನೂ ಸಿಕ್ಕಿಲ್ಲ ಅಂತಿದ್ದಾರೆ. ಈಗ ಲೆಕ್ಕವಿಲ್ಲದಷ್ಟು ಗ್ರಹ ಕಂಡುಹಿಡಿದ ನಮ್ಮ ಮೀಟರಣ್ಣ ಎರಡು ಮಾತಾಡ್ತಾರೆ!"

ಮೇಡಂ ಬೆಕ್ಕಸಬೆರಗಾಗಿ ತಿರುಗಿ ನೋಡಿದರು. ಮೀಟರಣ್ಣ ಎದ್ದು ನಿಂತ.

"ನಾನು... ನಾನು ಎಲ್ಲವನ್ನೂ ಸರಿಮಾಡಿಬಿಟ್ಟಿದ್ದೀನಿ," ಎಂದ.

ಕಿವಿಗಡಚಿಕ್ಕುವ ಚಪ್ಪಾಳೆ ಬಿತ್ತು. ಅದು ನಿಲ್ಲುವಷ್ಟರಲ್ಲಿ ಅವನು ಹಿಂದಿನ ಬಾಗಿಲಿನಿಂದ ಮನೆ ಸೇರಿದ್ದ.

ಹೆಂಡತಿ, ಭಾವನವರು ಹಿಂದೆಯೇ ಓಡಿಬಂದರು. ಮೀಟರಣ್ಣ ತಲೆಯ ಮೇಲೆ ಕೈ ಹೊತ್ತು ಎಲ್ಲವನ್ನೂ ಹೇಳಿದ. ಭಾವನವರು ಮೇಜಿನ ಮೇಲಿದ್ದ ಪುಸ್ತಕಗಳನ್ನು ಅಂಗೈಯಲ್ಲಿಟ್ಟು ತೂಗಿದರು.

"ಕಾಲು ಕೇಜಿ ಇಲ್ಲ. ಒಲೆಗೆ ಹಾಕು, ಕತೆ ಮುಗೀತು. ಮೂಲ ಅಂಕಿ ಅಳಿಸಿಹೋಗಿದೆ ಅಂತೀಯ, ಇನ್ಯಾರಿಗೆ ಗೊತ್ತಾಗುತ್ತೆ? ಇನ್ನೊಂದು ತಿಂಗಳು ಬಾಯಿ ಮುಚ್ಕೊಂಡಿರು. ಪಿಂಚಣಿಗೆ ಕಲ್ಲು ಹಾಕ್ಕೋಬೇಡ."

"ಸುಮ್ನಿರಣ್ಣ!" ಎಂದಳು ಹೆಂಡತಿ. "ಆ ಹೆಣ್ಣುಮಗಳು ನಾಲ್ಕು ವರ್ಷದಿಂದ ಕಾಯ್ತಿದ್ದೀನಿ ಅಂದಾಗ ಮುಖ ನೋಡಿದ್ಯಾ ನೀನು? ರೀ, ನಾಳೆ ಬೆಳಿಗ್ಗೆ ಹೋಗಿ ಹೇಳಿಬಿಡಿ."

"ನೋಟಿಸ್ ಕೊಡ್ತಾರೆ ಕಣೇ. ಬೀದಿಯೋರ ಮುಂದೆ ಮಾನ ಹೋಗುತ್ತೆ."

"ಹೋಗ್ಲಿ ಬಿಡಿ. ನಿಮ್ಮದೇನು ಹಳೇ ಮಾನವಾ? ಬಂದು ಹದಿನೈದು ದಿನ ಆಯ್ತು, ಅಷ್ಟೆ."

ಮೀಟರಣ್ಣ ಜೇಬಿನಲ್ಲಿದ್ದ ಆರನೇದನ್ನೂ ಆ ಪುಸ್ತಕಗಳ ಜೊತೆ ಇಟ್ಟ. "ಇವನ್ನ ಬರೆದಿಟ್ಟಿದ್ದೇ ಇನ್ನೊಮ್ಮೆ ಹೋಗಿ ನೋಡೋಕಲ್ವಾ," ಎಂದು ಎಣಿಸತೊಡಗಿದ. "ಒಂದು, ಎರಡು, ನಾಲ್ಕು, ಐದು, ಆರು... ಮೂರನೇದು ಎಲ್ಲಿ?"

ಹೆಂಡತಿ ಸೆರಗಿನ ಅಂಚು ತಿರುಚಿದಳು. "ಅದಾ... ಅಡುಗೆಮನೆ ಗೂಡಿನಲ್ಲಿ ಡಬ್ಬಿಗಳ ಕೆಳಗೆ ಹಾಸಿದೀನಿ. ಹಾಳೆ ಒಳ್ಳೇ ಗಟ್ಟಿಯಾಗಿತ್ತು."

ಗಂಡ ಹೆಂಡತಿ ಡಬ್ಬಿಗಳನ್ನು ಒಂದೊಂದಾಗಿ ಎತ್ತಿ ಹಾಳೆಗಳನ್ನು ಬಿಡಿಸಿದರು. ಸಾಸಿವೆ ಡಬ್ಬಿಯ ಕೆಳಗೆ ನೂರು ನಕ್ಷತ್ರ, ಉಪ್ಪಿನ ಡಬ್ಬಿಯ ಕೆಳಗೆ ನೂರು. ಎಣ್ಣೆ ಶೀಶೆಯ ಕೆಳಗಿನದು ಮಾತ್ರ ಅಂಟಿಕೊಂಡುಬಿಟ್ಟಿತ್ತು. ಹೆಂಡತಿ ಅದನ್ನು ಒದ್ದೆ ಬಟ್ಟೆಯಲ್ಲಿ ನೆನೆಸಿ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಿಧಾನವಾಗಿ ಎಬ್ಬಿಸಿದಳು.

ಬೆಳಿಗ್ಗೆ ಹತ್ತಕ್ಕೆ ಮೀಟರಣ್ಣ ಮೇಡಂ ಮುಂದೆ ನಿಂತು ಎಲ್ಲವನ್ನೂ ಒಪ್ಪಿಕೊಂಡ. ಮೇಡಂ ಮೊದಲು ತಮಾಷೆಯೆಂದುಕೊಂಡು ನಕ್ಕರು. ಅವನ ಮುಖ ನೋಡಿ ನಗು ನಿಂತಿತು. "ನಾಲ್ಕು ಸಾವಿರ ನಕ್ಷತ್ರ... ಹನ್ನೊಂದು ತಿಂಗಳು," ಎಂದು ಕುರ್ಚಿಯಲ್ಲಿ ಕುಸಿದರು. ಅವರ ಕಣ್ಣು ತುಂಬಿದ್ದು ನೋಡಿ ಮೀಟರಣ್ಣನಿಗೆ ನೋಟಿಸಿಗಿಂತ ಇದೇ ದೊಡ್ಡ ಶಿಕ್ಷೆ ಎನಿಸಿತು.

ಸುದ್ದಿ ತಿಳಿದು ವೀಕ್ಷಣಾಲಯದ ನಿರ್ದೇಶಕರು ಬಿರುಗಾಳಿಯಂತೆ ಒಳಗೆ ಬಂದರು.

"ಸರಾಸರಿ! ಆಕಾಶಕ್ಕೆ ಸರಾಸರಿ ಹಾಕಿದ್ಯೇನಯ್ಯಾ? ಈಗಲೇ ನೋಟಿಸ್ ಬರೀತೀನಿ." ಪೆನ್ನು ತೆಗೆದರು, ಬರೆದರು, ನಿಂತರು. "ಕಚೇರಿ ಆಸ್ತಿ ಹಾಳು ಮಾಡಿದ್ರೆ ನಿಯಮ ಇದೆ. ಗ್ರಹ ಯಾರ ಆಸ್ತಿ? ಕಳೆದುಹೋದ ವಸ್ತುಗಳ ಸಂಖ್ಯೆ ಅಂತ ಒಂದು ಕಾಲಂ ಇದೆ. ಏನು ತುಂಬಲಿ? ಹೇಳಯ್ಯಾ!"

"ಅದರಲ್ಲಿ ಬರೆದಿದೀನಿ ಸಾರ್," ಎಂದು ಮೀಟರಣ್ಣ ಪುಸ್ತಕಗಳ ಕಡೆ ಕೈ ತೋರಿಸಿದ.

ಅಷ್ಟರಲ್ಲಿ ಮೇಡಂ ಪುಟ ತಿರುವತೊಡಗಿದ್ದರು. ಎಣ್ಣೆಯ ಗುಂಡು ಗುರುತು ಬಿದ್ದ ಹಾಳೆಗೆ ಬಂದಾಗ ಅವರ ಬೆರಳು ನಿಂತಿತು. ಗಟ್ಟಿಯಾಗಿ ಓದಿದರು: "'ಮನೆ ನಂಬರ್ ಎರಡು ಸಾವಿರದ ಏಳುನೂರ ಆರು. ಒಂಬತ್ತು ದಿನಕ್ಕೊಮ್ಮೆ ತಪ್ಪದೆ ಬೀಗ. ಪ್ರತಿ ಸಲವೂ ಮೂರು ಗಂಟೆ. ಇಳಿತ ನೂರಕ್ಕೆ ಒಂದು. ಶಿಸ್ತಿನ ಜನ.' ಇದೇನಿದು?"

"ಷರಾ ಮೇಡಂ. ಐದನೇ ಸಲಕ್ಕೇ ಗೊತ್ತಾಯ್ತು. ಯಾವ ಮನೆಯೋರು ಯಾವತ್ತು ಹೊರಗೆ ಹೋಗ್ತಾರೆ ಅಂತ ನಾವು ಗುರುತಿಟ್ಕೊಳ್ತೀವಿ. ಸುಮ್ನೆ ಮೆಟ್ಟಿಲು ಹತ್ತೋದು ತಪ್ಪುತ್ತೆ."

"ಮತ್ತೆ ಯಾವಾಗ ಹೋಗ್ತಾರೆ ಇವರು?"

ಮೀಟರಣ್ಣ ಬೆರಳು ಮಡಚಿ ಎಣಿಸಿದ. "ಹದಿನಾಲ್ಕನೇ ತಾರೀಕು. ಬೆಳಗಿನ ಜಾವ ಎರಡರಿಂದ ಐದು."

ನಿರ್ದೇಶಕರ ಪೆನ್ನು ಗಾಳಿಯಲ್ಲೇ ನಿಂತಿತು.

ಹದಿನಾಲ್ಕರ ಬೆಳಿಗ್ಗೆ ಹತ್ತಕ್ಕೆ ಮೂವರೂ ಪರದೆಯ ಮುಂದೆ ಕೂತರು. ಮೀಟರಣ್ಣನ ಕಂಪ್ಯೂಟರಿಗೆ 'ಮುಟ್ಟಕೂಡದು' ಎಂಬ ಚೀಟಿ ಅಂಟಿಸಲಾಗಿತ್ತು. ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದ. ಗೆರೆ ಮಟ್ಟಸವಾಗಿ ಬಂತು, ಬಂತು, ಎರಡು ಗಂಟೆಯ ಗುರುತಿನ ಹತ್ತಿರ ಮೆಲ್ಲಗೆ ಕೆಳಗಿಳಿಯಿತು. ಐದಕ್ಕೆ ಮತ್ತೆ ಮೇಲೆ. ಮೇಡಂ ಎದ್ದು ಹೋಗಿ, ಅಪರೂಪಕ್ಕೆ ಬಿಸಿ ಬಿಸಿ ಚಹಾ ತಂದು ಮೀಟರಣ್ಣನ ಮುಂದೆ ಇಟ್ಟರು.

ನಿರ್ದೇಶಕರು ನೋಟಿಸನ್ನು ಮಡಚಿ ಜೇಬಿಗಿಟ್ಟು ಪತ್ರಿಕೆಗಳಿಗೆ ಫೋನು ಮಾಡಿದರು. 'ದೈತ್ಯ ಗ್ರಹ ಪತ್ತೆ' ಎಂದು ಅಚ್ಚಾದ ದಿನ ಇಡೀ ಬೀದಿ ಹೆಡ್‌ಮಾಸ್ತರ ಮುಂದಾಳತ್ವದಲ್ಲಿ ಗುಡ್ಡ ಹತ್ತಿ ಬಂತು. ಮೇಡಂ ಗೆರೆ ತೋರಿಸಿದರು.

"ಇಷ್ಟೇನಾ?" ಎಂದಳು ಎದುರು ಮನೆಯಾಕೆ. "ಇಷ್ಟಕ್ಕೆ ಗುಡ್ಡ ಹತ್ತಿಸಿದ್ರಾ?"

ಭಾವನವರು ಮುಂದೆ ಬಂದು ಗೆರೆಯನ್ನು ದಿಟ್ಟಿಸಿದರು. "ತೂಕ ಎಷ್ಟು?"

ಎಲ್ಲರೂ ಗೊಳ್ಳೆಂದು ನಕ್ಕರು. "ಏನ್ರೀ, ಇಲ್ಲೂ ನಿಮ್ಮ ತಕ್ಕಡಿನಾ!" ಎಂದು ಹೆಡ್‌ಮಾಸ್ತರು ಹಣೆ ಚಚ್ಚಿಕೊಂಡರು.

ಮೇಡಂ ಮಾತ್ರ ನಗಲಿಲ್ಲ. "ಅವರು ಕೇಳಿದ್ದೇ ಸರಿಯಾದ ಪ್ರಶ್ನೆ. ತಗ್ಗು ನೋಡಿದ್ರೆ ಅಗಲ ಗೊತ್ತಾಗುತ್ತೆ, ಭಾರ ಗೊತ್ತಾಗಲ್ಲ. ಅದು ಸುತ್ತುವಾಗ ನಕ್ಷತ್ರವನ್ನೂ ಆಚೆ ಈಚೆ ಎಳೆದಾಡುತ್ತೆ. ಎಷ್ಟು ಎಳೆದಾಡಿತು ಅಂತ ಬೇರೆ ಕಡೆಯ ದೊಡ್ಡ ದೂರದರ್ಶಕದಲ್ಲಿ ನೋಡಬೇಕು. ಆಮೇಲೇ ಅದು ಏನು ಅನ್ನೋದು ಗಟ್ಟಿ."

"ಜೀವಮಾನವೆಲ್ಲ ನಾನು ಬಡಕೊಂಡಿದ್ದು ಅದನ್ನೇ," ಎಂದ ಭಾವನವರು ಗುಡ್ಡ ಇಳಿಯುವಾಗ ಎಲ್ಲರಿಗಿಂತ ಮುಂದೆ ಎದೆಯುಬ್ಬಿಸಿ ನಡೆದರು.

ಸಮಿತಿ ಬಂದ ದಿನವೇ ತೂಕದ ವರದಿಯೂ ಬಂತು. ಅದೇ ದಿನ ಮೀಟರಣ್ಣನ ನಿವೃತ್ತಿ. ಹೆಂಡತಿ, ಭಾವನವರು, ಹೆಡ್‌ಮಾಸ್ತರು ಅವನನ್ನು ಕರೆದೊಯ್ಯಲು ಬಂದು ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಮೇಡಂ ಕಾಗದ ಹಿಡಿದು ಹೊರಗೆ ಬಂದರು.

"ಅಗಲ ಗುರುಗ್ರಹದಷ್ಟೇ. ಭಾರ ಮಾತ್ರ ಅರವತ್ತು ಗುರುಗ್ರಹದಷ್ಟು. ಇದು ಗ್ರಹ ಅಲ್ಲ, ಕಂದು ಕುಬ್ಜ. ನಕ್ಷತ್ರ ಆಗೋಕೆ ಅಂತ ಹುಟ್ಟಿದ್ದು. ಆದ್ರೆ ನಕ್ಷತ್ರದ ಹಾಗೆ ಉರಿಯೋಕೆ ಬೇಕಾದಷ್ಟು ಭಾರ ಕೂಡಲಿಲ್ಲ."

ಹೆಡ್‌ಮಾಸ್ತರ ಮುಖ ಸಪ್ಪಗಾಯಿತು. "ಹಾಗಾದ್ರೆ ಗ್ರಹ ಅಂತ ಪೇಪರಲ್ಲಿ ಬಂದಿದ್ದು?"

"ನಿರ್ದೇಶಕರು ತಿದ್ದುಪಡಿ ಬರೀತಿದ್ದಾರೆ."

"ನೋಡಿದ್ಯಾ?" ಎಂದರು ಭಾವನವರು. "ಗ್ರಹ ಅನ್ನೋಕೆ ಭಾರ ಜಾಸ್ತಿ, ನಕ್ಷತ್ರ ಅನ್ನೋಕೆ ಕಮ್ಮಿ. ಎಲ್ಲೂ ಸಲ್ಲದ್ದು. ಪಾಪ, ನಮ್ಮ ಇವನಿಗೆ ಸಿಕ್ಕಿದ್ದೂ ಇವನ ಹಾಗೇ."

ಮೀಟರಣ್ಣ ಭಾವನವರಿಗೆ ಎದುರು ಮಾತಾಡಿದವನಲ್ಲ. ಅವತ್ತು ಮಾತಾಡಿದ.

"ಯಾಕೆ ಸಲ್ಲಲ್ಲ ಭಾವ? ಒಂಬತ್ತು ದಿನಕ್ಕೊಮ್ಮೆ ತಪ್ಪದೆ ಬರುತ್ತಲ್ಲ. ಯಾರೂ ನೋಡದೆ ಇದ್ದಾಗಲೂ ಬರ್ತಿತ್ತು. ನಾನು ಅಳಿಸಿದ್ರೂ ಮತ್ತೆ ಬಂತು."

ಹೆಂಡತಿ ಅಣ್ಣನ ಕಡೆ ನೋಡಲಿಲ್ಲ, ಗಂಡನನ್ನೇ ನೋಡಿದಳು.

"ಸಮಿತಿಯವರೂ ಸಲ್ಲುತ್ತೆ ಅಂತಲೇ ಹೇಳಿದ್ರು," ಎಂದರು ಮೇಡಂ. "ಗ್ರಹಗಳು ಸಾವಿರಗಟ್ಟಲೆ ಸಿಕ್ಕಿವೆ, ನಕ್ಷತ್ರದ ಮುಂದೆ ಹಾದುಹೋಗೋ ಇಂಥವು ಬಹಳ ಅಪರೂಪ ಅಂತ. ಕೋಣೆಯನ್ನ ಇನ್ನೂ ಮೂರು ವರ್ಷ ಮುಂದುವರಿಸಿದ್ದಾರೆ." ಅವರು ಎಣ್ಣೆಯ ಗುರುತಿನ ಹಾಳೆಯನ್ನು ಚಾಚಿದರು. "ಇದು ದಾಖಲೆಗೆ ಸೇರುತ್ತೆ ಮೀಟರಣ್ಣ. ಷರಾ ತಿದ್ದಿ ರುಜು ಹಾಕಿಕೊಡಿ."

"ಮಿಕ್ಕ ಬೀಗದ ಮನೆಗಳು ಮೇಡಂ?"

"ಆರು ಪುಸ್ತಕ ಪೂರ್ತಿ ಇವೆಯಲ್ಲ. ಎಲ್ಲವನ್ನೂ ಇನ್ನೊಮ್ಮೆ ಹೋಗಿ ನೋಡಬೇಕು."

"ನಾಳೆ ಹತ್ತಕ್ಕೆ ಬರಲಾ?"

"ನಾಳೆಯಿಂದ ನೀವು ನಿವೃತ್ತರು."

"ಅದಕ್ಕೇ ಕೇಳಿದ್ದು. ನಾಳೆಯಿಂದ ಬಿಡುವಿದೆ."

ಮೇಡಂ, "ಬನ್ನಿ. ಆದ್ರೆ ಏನನ್ನೂ ಮುಟ್ಟಕೂಡದು," ಎಂದು ನಕ್ಕರು.

ಮೀಟರಣ್ಣ ಬೆಂಚಿನ ತುದಿಯಲ್ಲಿ ಕೂತು, ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು, ಹನ್ನೊಂದು ಕಡೆ ಬರೆದಿದ್ದ 'ಬೀಗ'ವನ್ನು ಒಂದೊಂದಾಗಿ ಹೊಡೆದುಹಾಕಿದ. ಕೆಳಗೆ ದುಂಡನೆಯ ಅಕ್ಷರದಲ್ಲಿ ಹೊಸ ಷರಾ ಬರೆದ. ರುಜು ಹಾಕಿದ. ಹೆಂಡತಿ ಭುಜದ ಮೇಲಿಂದ ಬಗ್ಗಿ ಓದಿದಳು:

'ಬೀಗ ಇಲ್ಲ. ಒಳಗೆ ಇದ್ದಾರೆ. ಬಾಗಿಲಿಗೆ ಬರಲು ಹೊತ್ತು ಹಿಡಿಯುತ್ತದೆ. ನಿಂತು ಕಾಯಬೇಕು.'